ಹಳೆಯ ಸ್ಲೈಡು, ಹೊಸ ಯಂತ್ರ: ಬ್ಯಾಕ್ಟೀರಿಯಾ ಪತ್ತೆಯ ದಾರಿ

ರೋಗಾಣು ಪತ್ತೆಯ ಇತಿಹಾಸವನ್ನು ಹೊಸ ವಿಧಾನವು ಹಳೆಯದನ್ನು ಮೂಲೆಗೆ ತಳ್ಳಿದ ಕಥೆಯಾಗಿ ಹೇಳುವ ರೂಢಿಯಿದೆ. ನಡೆದದ್ದು ಹಾಗಲ್ಲ. 1884ರಲ್ಲಿ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬರ್ಲಿನ್ನಿನಲ್ಲಿ ಹುಡುಕುತ್ತಿದ್ದುದು ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ಅಂಗಾಂಶದಲ್ಲಿ ರೋಗಾಣು ಎದ್ದು ಕಾಣುವಂತೆ ಮಾಡುವ ಉಪಾಯವನ್ನು. ನೇರಳೆ ಬಣ್ಣ ಹಾಕಿ, ಅಯೋಡಿನ್ ಹನಿಸಿ, ಆಲ್ಕೊಹಾಲಿನಿಂದ ತೊಳೆದಾಗ ಕೆಲವು ಬ್ಯಾಕ್ಟೀರಿಯಾ ಬಣ್ಣ ಉಳಿಸಿಕೊಂಡವು, ಕೆಲವು ಬಿಟ್ಟುಕೊಟ್ಟವು. ಅವನಿಗೆ ಇದು ವಿಧಾನದ ಕೊರತೆಯಾಗಿ ಕಂಡಿತು. ಮುಂದಿನವರಿಗೆ ಅದೇ ವರ್ಗೀಕರಣದ ಆಧಾರವಾಯಿತು. ಬಣ್ಣ ಬಿಟ್ಟವನ್ನು ಕೆಂಪಾಗಿ ತೋರಿಸುವ ಎರಡನೆಯ ಬಣ್ಣ ಬಂದದ್ದೂ ಆಮೇಲೆಯೇ. ದಪ್ಪ ಕೋಶಭಿತ್ತಿಯವು ನೇರಳೆ, ಅಂದರೆ ಗ್ರಾಮ್-ಪಾಸಿಟಿವ್; ತೆಳು ಭಿತ್ತಿಯವು ಕೆಂಪು, ಅಂದರೆ ಗ್ರಾಮ್-ನೆಗೆಟಿವ್. ಮೆದುಳುಜ್ವರದ ರೋಗಿಯ ಬೆನ್ನುಹುರಿ ದ್ರವದಲ್ಲಿ ಏನಿದೆ ಎಂಬ ಮೊದಲ ಸುಳಿವನ್ನು ಕೆಲವೇ ನಿಮಿಷಗಳಲ್ಲಿ ಕೊಡುವುದು ಇಂದಿಗೂ ಈ ಸ್ಲೈಡೇ.

ಆದರೆ ಬಣ್ಣ ಗುಂಪನ್ನು ಹೇಳೀತು, ಹೆಸರನ್ನಲ್ಲ. ಹೆಸರಿಗೆ ಬೇಕಾದದ್ದು ಬೆರಕೆಯಿಲ್ಲದ ಒಂದೇ ಕಾಲನಿ. ರಾಬರ್ಟ್ ಕಾಖ್ ಬಳಸುತ್ತಿದ್ದ ಜೆಲಟಿನ್ ಮೈಶಾಖಕ್ಕೇ ಕರಗುತ್ತಿತ್ತು. ಕೆಲವು ಬ್ಯಾಕ್ಟೀರಿಯಾ ಅದನ್ನು ಜೀರ್ಣಿಸಿಯೂ ಬಿಡುತ್ತಿದ್ದವು. ಅದರ ಬದಲು ಅಗರ್ ಬಳಸಲು ಸೂಚಿಸಿದವಳು ಫ್ಯಾನಿ ಹೆಸ್ಸೆ, ಕಾಖ್‌ನ ಸಹಾಯಕ ವಾಲ್ಟರ್ ಹೆಸ್ಸೆಯ ಹೆಂಡತಿ. ಆಕೆಗೆ ಅದು ಅಡುಗೆಮನೆಯಿಂದ ಗೊತ್ತಿತ್ತು. 1887ರಲ್ಲಿ ಪೆಟ್ರಿ ತನ್ನ ಮುಚ್ಚಳದ ತಟ್ಟೆಯನ್ನು ಪ್ರಕಟಿಸಿದ. ಮುಂದೆ ಮೆಕಾಂಕಿ ಅಗರ್‌ನಲ್ಲಿ ಪಿತ್ತಲವಣವೂ ಲ್ಯಾಕ್ಟೋಸೂ ಸೇರಿದವು: ಇ. ಕೊಲೈ ಗುಲಾಬಿ ಕಾಲನಿಯಾಗುತ್ತದೆ, ಟೈಫಾಯ್ಡ್‌ನ ಸಾಲ್ಮೊನೆಲ್ಲಾ ಬಣ್ಣವಿಲ್ಲದೆ ಉಳಿಯುತ್ತದೆ. ಕೆಟಲೇಸ್, ಕೊಆಗ್ಯುಲೇಸ್, ಆಕ್ಸಿಡೇಸ್ ಪರೀಕ್ಷೆಗಳು ಅದೇ ದಾರಿಯ ಮುಂದಿನ ಮೆಟ್ಟಿಲುಗಳು.

ಇದೆಲ್ಲ ನಿಧಾನ, ನೋಡುವವರ ಕಣ್ಣನ್ನು ನಂಬಿದ್ದು ಎಂಬ ಆಕ್ಷೇಪ ಸುಳ್ಳಲ್ಲ. ಆಲ್ಕೊಹಾಲಿನಲ್ಲಿ ತುಸು ಹೆಚ್ಚು ಹೊತ್ತು ತೊಳೆದರೆ ನೇರಳೆಯದೂ ಕೆಂಪಾಗಿ ಕಂಡೀತು. ಕ್ಷಯದ ಕಲ್ಚರ್‌ಗೆ ವಾರಗಟ್ಟಲೆ ಕಾಯಬೇಕು. ಅಲ್ಲಿ ಜೀನ್ ಪರೀಕ್ಷೆಯೇ ಮೇಲು, ವಾದಕ್ಕೆಡೆಯಿಲ್ಲ. ಪ್ರೋಟೀನುಗಳನ್ನು ಲೇಸರ್‌ನಿಂದ ಚಿಮ್ಮಿಸಿ ತೂಗುವ ಮಾಲ್ಡಿ-ಟಾಫ್ ಯಂತ್ರ ಒಂದು ಕಾಲನಿಯ ಹೆಸರನ್ನು ನಿಮಿಷಗಳಲ್ಲಿ ಹೇಳುತ್ತದೆ. ಆದರೆ ಆ ಕಾಲನಿ ಸಾಮಾನ್ಯವಾಗಿ ಬೆಳೆಯುವುದು ಅಗರ್ ಮೇಲೆಯೇ. ಮೇಲಾಗಿ ಯಂತ್ರ ಹೇಳಬಲ್ಲದ್ದು ತನ್ನ ಪಟ್ಟಿಯಲ್ಲಿರುವ ಹೆಸರುಗಳನ್ನಷ್ಟೇ. ಇ. ಕೊಲೈ ಮತ್ತು ಶಿಗೆಲ್ಲಾಗಳನ್ನು ಬೇರ್ಪಡಿಸಲು ಅದು ಈಗಲೂ ತಡವರಿಸುತ್ತದೆ.

ಈ ಮಿತಿ ನಮಗೆ ಹತ್ತಿರದಿಂದ ತಟ್ಟುವುದು ಮೆಲಿಯಾಯ್ಡೋಸಿಸ್‌ನಲ್ಲಿ. ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ 1910ರ ದಶಕದ ಆರಂಭದಲ್ಲಿ ರಂಗೂನಿನಲ್ಲಿ ವರ್ಣಿಸಿದ ಈ ಮಣ್ಣುಜನ್ಯ ಕಾಯಿಲೆ ಕರ್ನಾಟಕದ ಕರಾವಳಿಯಲ್ಲಿ, ವಿಶೇಷವಾಗಿ ಮಳೆಗಾಲದಲ್ಲಿ, ಕಾಣಿಸಿಕೊಳ್ಳುತ್ತದೆ. ಮಧುಮೇಹಿಗಳಿಗೆ ಅಪಾಯ ಹೆಚ್ಚು. ಇದಕ್ಕೆ ಕಾರಣವಾದ ಬರ್ಖೋಲ್ಡೇರಿಯಾ ಸ್ಯೂಡೋಮಲೈ ಪಟ್ಟಿಯಲ್ಲಿಲ್ಲದಿದ್ದರೆ ಯಂತ್ರ ಅದನ್ನು ಅದರ ನಿರುಪದ್ರವಿ ದಾಯಾದಿಯ ಹೆಸರಿನಿಂದ ಕರೆದುಬಿಡಬಹುದು. ಗಮನವಿಲ್ಲದ ಕಣ್ಣು ಅದನ್ನು ಸ್ಯೂಡೋಮೊನಾಸ್ ಎಂದು ಬದಿಗಿಡಬಹುದು. ಸಂಶಯ ಹುಟ್ಟಿಸಲು ಹಳೆಯ ಕ್ರಮವೇ ಸಾಕು: ಗ್ರಾಮ್-ನೆಗೆಟಿವ್ ದಂಡಾಣು, ಆಕ್ಸಿಡೇಸ್ ಪಾಸಿಟಿವ್, ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಮಣಿಯುವಂಥದ್ದು. ಇದನ್ನು ತಪ್ಪಾಗಿ ಹೆಸರಿಸಿದರೆ ತಿಂಗಳುಗಟ್ಟಲೆ ನಡೆಯಬೇಕಾದ ಚಿಕಿತ್ಸೆ ಶುರುವೇ ಆಗುವುದಿಲ್ಲ. ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರ ಕೊಡಿಸುವವರು ಸ್ಲೈಡು ಓದಬಲ್ಲ ತಂತ್ರಜ್ಞರ ತರಬೇತಿಗೂ ಅದೇ ಬಜೆಟ್ಟಿನಲ್ಲಿ ಹಣವಿಡಬೇಕು.