ಆಶುತೋಷ ಮುಖರ್ಜಿಯವರೂ ಕಲಕತ್ತೆಯ ವಿಶ್ವವಿದ್ಯಾನಿಲಯವೂ

1857ನೆಯ ಇಸವಿಯಲ್ಲಿ ಸ್ಥಾಪಿತವಾದ ಕಲಕತ್ತೆಯ ವಿಶ್ವವಿದ್ಯಾನಿಲಯವು ಅರ್ಧಶತಮಾನದವರೆಗೆ ಬಹುಮಟ್ಟಿಗೆ ಪರೀಕ್ಷೆಗಳನ್ನು ನಡೆಯಿಸಿ ಪದವಿಗಳನ್ನು ಕೊಡುವ ಸಂಸ್ಥೆಯಾಗಿಯೇ ಇದ್ದಿತು. ಪಾಠವೆಲ್ಲ ಕಾಲೇಜುಗಳ ಪಾಲಿನದು. 1906ರಲ್ಲಿ ಅದರ ವೈಸ್ ಛಾನ್ಸೆಲರಾದ ಆಶುತೋಷ ಮುಖರ್ಜಿಯವರು ಹೈಕೋರ್ಟಿನ ನ್ಯಾಯಾಧೀಶರು, ಗಣಿತದಲ್ಲಿಯೂ ನಿಷ್ಣಾತರು. ವಿದ್ಯಾಸಂಸ್ಥೆಯ ಯೋಗ್ಯತೆಯು ನಿಯಮಾವಳಿಗಿಂತ ಮಿಗಿಲಾಗಿ ಅಧ್ಯಾಪಕರನ್ನು ಅವಲಂಬಿಸಿರುವುದೆಂದು ಅವರು ಬಗೆದಿದ್ದರೆಂಬುದಕ್ಕೆ ಅವರ ಆಯ್ಕೆಗಳೇ ಸಾಕ್ಷಿ. ಸರಕಾರದ ಹಣಕಾಸಿನ ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದ ಸಿ. ವಿ. ರಾಮನ್ನರು 1917ರಲ್ಲಿ ಹೆಚ್ಚಿನ ಸಂಬಳವನ್ನು ತೊರೆದು ಭೌತಶಾಸ್ತ್ರದ ಪಾಲಿತ್ ಪೀಠವನ್ನೇರಿದುದು ಅವರ ಕರೆಯಿಂದಲೇ. 1921ರಲ್ಲಿ ರಾಧಾಕೃಷ್ಣನ್ನರನ್ನು ಮೈಸೂರಿನಿಂದ ತತ್ತ್ವಶಾಸ್ತ್ರದ ಪೀಠಕ್ಕೆ ಕರೆಸಿಕೊಂಡರು. ಅವರ ಲಾಭವು ನಮಗೆ ನಷ್ಟವಾಯಿತೆಂಬುದನ್ನು ಹೇಳದೆ ಇರಲಾರೆನು. ಬಂಗಾಳಿ ಮೊದಲಾದ ದೇಶಭಾಷೆಗಳಲ್ಲಿ ಎಂ. ಎ. ವ್ಯಾಸಂಗಕ್ಕೆ ದಾರಿಯಾದುದೂ ಅವರ ಹಟದ ಫಲವೇ.

ಪದವೀಧರರ ಸಂಖ್ಯೆಯು ಬೆಳೆದಂತೆ ಪರೀಕ್ಷೆಗಳ ಬಿಗಿಯು ತಪ್ಪಿತೆಂದು ಆಕ್ಷೇಪಿಸಿದವರೂ ಉಂಟು. ಆ ಮಾತನ್ನು ಅಸೂಯೆಯೆಂದು ತಳ್ಳಿಬಿಡುವುದು ನ್ಯಾಯವಲ್ಲ. ಎಲ್ಲ ಸೂತ್ರಗಳೂ ಒಬ್ಬರ ಕೈಯಲ್ಲಿರುವಾಗ ಅವರನ್ನು ತಿದ್ದುವವರು ಯಾರು? ಆದರೂ ಆ ಕೈಯು ಅಧಿಕಾರಕ್ಕಾಗಿ ಚಾಚಿದುದಲ್ಲ. 1923ರಲ್ಲಿ ಗವರ್ನರ್ ಲಿಟನ್ನರು, ಸರಕಾರವನ್ನು ವಿರೋಧಿಸಬಾರದೆಂಬ ನಿಬಂಧನೆಯೊಡನೆ ಮತ್ತೆ ಆ ಪದವಿಯನ್ನು ಕೊಡಬಂದಾಗ, ಅವರು ಖಂಡಿತವಾಗಿ ನಿರಾಕರಿಸಿದರು. ಮರುವರ್ಷವೇ ಪಾಟ್ನಾದಲ್ಲಿ ತೀರಿಕೊಂಡರು. 1930ರಲ್ಲಿ ರಾಮನ್ನರಿಗೆ ನೊಬೆಲ್ ಪಾರಿತೋಷಕವು ಬಂದಾಗ ನೋಡಿ ಸಂತೋಷಪಡಲು ಅವರು ಇರಲಿಲ್ಲ.