ವಿಜಯನ್, ಐ.ಎಂ.

ವಿಜಯನ್, ಐ.ಎಂ. (ಜನನ: 25 ಏಪ್ರಿಲ್ 1969). ಭಾರತದ ಫುಟ್‌ಬಾಲ್ ಆಟಗಾರ, ರಾಷ್ಟ್ರೀಯ ತಂಡದ ಮಾಜಿ ನಾಯಕ, ಚಲನಚಿತ್ರ ನಟ. ಪೂರ್ಣ ಹೆಸರು ಇನಿವಳಪ್ಪಿಲ್ ಮಣಿ ವಿಜಯನ್. ಹುಟ್ಟೂರು ಕೇರಳದ ತೃಶ್ಶೂರು. 1990ರ ದಶಕದಲ್ಲಿ ದೇಶದ ಅತ್ಯುತ್ತಮ ಫಾರ್ವರ್ಡ್ ಎಂದು ಹೆಸರಾದ ಇವರನ್ನು ಅಭಿಮಾನಿಗಳು ಕಪ್ಪು ಜಿಂಕೆ ಎಂಬ ಅರ್ಥದ 'ಕಾಲೋ ಹರಿಣ್' ಎಂಬ ಬಂಗಾಳಿ ಹೆಸರಿನಿಂದ ಕರೆದರು.

ಬಾಲ್ಯ ಕಡುಬಡತನದ್ದು. ತಂದೆ ಮಣಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಸಂಸಾರದ ಭಾರವೆಲ್ಲ ತಾಯಿ ಕೊಚ್ಚಮ್ಮು ಅವರ ಮೇಲೆ ಬಿತ್ತು. ಮನೆಗೆ ನಾಲ್ಕು ಕಾಸು ತರಲು ಹುಡುಗ ತೃಶ್ಶೂರಿನ ಪುರಸಭಾ ಕ್ರೀಡಾಂಗಣದಲ್ಲಿ ಸೋಡಾ ಮಾರಿದ. ಒಂದು ಬಾಟಲಿಗೆ ಸಿಗುತ್ತಿದ್ದುದು 10 ಪೈಸೆ. ವಿಜಯನ್ ಅವರ ಬಗ್ಗೆ ಬರೆದವರೆಲ್ಲ ಈ 10 ಪೈಸೆಯನ್ನು ಮರೆಯದೆ ನೆನೆಯುತ್ತಾರೆ. ಆದರೆ ಆ ಕೆಲಸ ಅವರಿಗೆ ಕೊಟ್ಟದ್ದು ಬರೀ ಕಾಸನ್ನಲ್ಲ. ಟಿಕೆಟ್ ಕೊಳ್ಳಲಾಗದ ಹುಡುಗನಿಗೆ ದೊಡ್ಡ ಪಂದ್ಯಗಳನ್ನು ಹತ್ತಿರದಿಂದ ನೋಡಲು ಇದ್ದ ದಾರಿಯೂ ಅದೇ ಆಗಿತ್ತು. ಒಳ್ಳೆಯ ಆಟಗಾರರು ಚೆಂಡನ್ನು ಹೇಗೆ ಹಿಡಿಯುತ್ತಾರೆ, ಹೇಗೆ ತಿರುಗುತ್ತಾರೆ ಎಂಬುದು ಕಣ್ಣಿಗೆ ಬಿದ್ದದ್ದು ಆ ಗ್ಯಾಲರಿಗಳ ನಡುವೆ ಓಡಾಡುವಾಗಲೇ.

ಓದಿದ್ದು ತೃಶ್ಶೂರಿನ ಸಿಎಂಎಸ್ ಹೈಸ್ಕೂಲಿನಲ್ಲಿ. ಹುಡುಗನಲ್ಲಿದ್ದ ಆಟ ಬೆಳೆಯಲು ನೆರವಾದವರಲ್ಲಿ ಕೇರಳದ ಹೆಸರಾಂತ ತರಬೇತುದಾರ ಟಿ.ಕೆ. ಚಾತುಣ್ಣಿ ಒಬ್ಬರು. ಕೇರಳದ ನೆಲವೂ ನೆರವಾಯಿತೆನ್ನಬೇಕು. ಕೊಯ್ಲು ಮುಗಿದ ಗದ್ದೆಗಳಲ್ಲಿ, ಅಡಿಕೆ ಮರ, ಬಿದಿರುಗಳಿಂದ ಕಟ್ಟಿದ ತಾತ್ಕಾಲಿಕ ಗ್ಯಾಲರಿಗಳ ಮುಂದೆ, ತಂಡಕ್ಕೆ ಏಳೇ ಜನರಂತೆ ಆಡುವ 'ಸೆವೆನ್ಸ್' ಅಲ್ಲಿ ಜಾತ್ರೆಯಷ್ಟೇ ಜನ ಸೇರಿಸುವ ಆಟ. ಕಿರಿದಾದ ಅಂಕಣದಲ್ಲಿ ಎದುರಾಳಿ ಸದಾ ಮೈಮೇಲೆಯೇ ಇರುತ್ತಾನೆ. ಚೆಂಡನ್ನು ಒಂದೇ ಸ್ಪರ್ಶದಲ್ಲಿ ಹಿಡಿತಕ್ಕೆ ತರದವನಿಗೆ ಅಲ್ಲಿ ಉಳಿಗಾಲವಿಲ್ಲ. ವಿಜಯನ್ ಅವರ ಆಟದ ಚುರುಕಿನಲ್ಲಿ ಈ ಗದ್ದೆಯ ಗುರುತು ಕಡೆಯವರೆಗೂ ಇತ್ತು.

ಬದುಕಿಗೆ ನೆಲೆ ಸಿಕ್ಕಿದ್ದು ಕೇರಳ ಪೊಲೀಸ್ ತಂಡದಲ್ಲಿ. ಆಗಿನ ಪೊಲೀಸ್ ಮಹಾನಿರ್ದೇಶಕ ಎಂ.ಕೆ. ಜೋಸೆಫ್ ಫುಟ್‌ಬಾಲನ್ನು ಬಹಳ ಪ್ರೀತಿಸಿದವರು. ಪ್ರತಿಭಾವಂತ ಹುಡುಗರನ್ನು ಹುಡುಕಿ ತಂದು ತಂಡ ಕಟ್ಟಿದರು. 17ರ ವಯಸ್ಸಿನ ವಿಜಯನ್ ಅವರನ್ನು ಆರಿಸಿಕೊಂಡದ್ದೂ ಅವರೇ. ವೃತ್ತಿಪರ ಲೀಗ್ ಇಲ್ಲದ ಆ ಕಾಲದಲ್ಲಿ ಬಡ ಆಟಗಾರನಿಗೆ ಸರ್ಕಾರಿ ಸಂಬಳವೇ ಆಧಾರ. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡಗಳು ಕರ್ನಾಟಕದ ಹುಡುಗರಿಗೆ ಕೆಲಸವನ್ನೂ ಆಟವನ್ನೂ ಒಟ್ಟಿಗೆ ಕೊಟ್ಟಂತೆ ಅಲ್ಲಿ ಪೊಲೀಸ್ ಇಲಾಖೆ ಕೊಟ್ಟಿತು. ವಿಜಯನ್ ಅವರ ಏಳಿಗೆಯನ್ನು ಒಬ್ಬನೇ ಒಬ್ಬನ ಛಲದ ಕಥೆಯಾಗಿ ಹೇಳುವವರು ಈ ಆಸರೆಯನ್ನು ಬಿಟ್ಟುಬಿಡುತ್ತಾರೆ, ಅದು ಸರಿಯಲ್ಲ.

ವಿ.ಪಿ. ಸತ್ಯನ್, ಸಿ.ವಿ. ಪಾಪ್ಪಚ್ಚನ್, ಯು. ಷರಫಲಿ, ಕುರಿಕೇಶ್ ಮ್ಯಾಥ್ಯೂ ಮೊದಲಾದವರಿದ್ದ ಆ ತಂಡ 1990ರಲ್ಲಿ ಸಾಲ್ಗಾಂವ್‌ಕರ್ ತಂಡವನ್ನು ಸೋಲಿಸಿ ಫೆಡರೇಷನ್ ಕಪ್ ಗೆದ್ದಿತು. ಕೇರಳದ ತಂಡವೊಂದಕ್ಕೆ ಆ ಕಪ್ ಒಲಿದದ್ದು ಅದೇ ಮೊದಲು. ಫೈನಲ್ ನಡೆದದ್ದು ತೃಶ್ಶೂರಿನಲ್ಲೇ, ಸೋಡಾ ಮಾರಿದ ಹುಡುಗನ ಊರಿನಲ್ಲೇ. ಮರುವರ್ಷ ಕಣ್ಣೂರಿನಲ್ಲೂ ಕಪ್ ಅವರದೇ ಆಯಿತು.

1991ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಕರೆಯಿತು. ಮುಂದಿನ ಹದಿನೈದು ವರ್ಷ ಅವರು ಕ್ಲಬ್ಬಿನಿಂದ ಕ್ಲಬ್ಬಿಗೆ ಸಾಗಿದರು. ಪಂಜಾಬಿನ ಫಗ್ವಾಡದ ಜವಳಿ ಗಿರಣಿಯ ತಂಡ ಜೆಸಿಟಿಯಲ್ಲಿ ಕಳೆದ ದಿನಗಳು ಇವುಗಳಲ್ಲಿ ಮುಖ್ಯವಾದವು. ಸಿಕ್ಕಿಮಿನ ತರುಣ ಬೈಚುಂಗ್ ಭುಟಿಯಾ ಅಲ್ಲಿ ಜೊತೆಯಾದರು. 1996–97ರಲ್ಲಿ ಆರಂಭವಾದ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ ಮೊದಲ ಪ್ರಶಸ್ತಿ ಜೆಸಿಟಿಗೆ ದಕ್ಕಿತು. 1997ರಲ್ಲಿ ಹೊಸದಾಗಿ ಹುಟ್ಟಿದ ಎಫ್‌ಸಿ ಕೊಚ್ಚಿನ್ ಸೇರಿ, ಅದೇ ವರ್ಷ ಡುರಾಂಡ್ ಕಪ್ ಗೆದ್ದ ತಂಡದಲ್ಲಿ ಆಡಿದರು. ಕೇರಳಕ್ಕೆ ಮೊದಲ ಡುರಾಂಡ್ ಕಪ್ ತಂದ ಆ ಕ್ಲಬ್ ಹಣದ ಮುಗ್ಗಟ್ಟಿನಿಂದ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಈಸ್ಟ್ ಬೆಂಗಾಲ್ ಮತ್ತು ಗೋವಾದ ಚರ್ಚಿಲ್ ಬ್ರದರ್ಸ್ ಪರವಾಗಿಯೂ ವಿಜಯನ್ ಆಡಿದ್ದಾರೆ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೊಡುವ ವರ್ಷದ ಆಟಗಾರ ಪ್ರಶಸ್ತಿ ಮೂರು ಬಾರಿ ಅವರಿಗೆ ಬಂತು. ಆ ಗೌರವವನ್ನು ಒಂದಕ್ಕಿಂತ ಹೆಚ್ಚು ಸಲ ಪಡೆದವರಲ್ಲಿ ಅವರೇ ಮೊದಲಿಗರು. ದಕ್ಷಿಣ ಏಷ್ಯಾ ರಾಷ್ಟ್ರಗಳ ಪಂದ್ಯಾವಳಿಯನ್ನು ಭಾರತ 1993ರಲ್ಲಿ ಲಾಹೋರಿನಲ್ಲಿ, 1997ರಲ್ಲಿ ಕಠ್ಮಂಡುವಿನಲ್ಲಿ, 1999ರಲ್ಲಿ ಗೋವಾದಲ್ಲಿ ಗೆದ್ದುಕೊಂಡಿತು. ಕಠ್ಮಂಡುವಿನಲ್ಲಿ ಆರು ಗೋಲು ಹೊಡೆದ ವಿಜಯನ್ ಟೂರ್ನಿಯ ಅಗ್ರ ಗೋಲುಗಾರ. 1999ರ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಭೂತಾನ್ ವಿರುದ್ಧ ಆಟ ಶುರುವಾದ 12ನೇ ಸೆಕೆಂಡಿನಲ್ಲೇ ಹೊಡೆದ ಗೋಲು ಅಂತರರಾಷ್ಟ್ರೀಯ ಫುಟ್‌ಬಾಲಿನ ಅತಿ ವೇಗದ ಗೋಲುಗಳಲ್ಲೊಂದು.

1996ರ ಫೆಬ್ರುವರಿಯಲ್ಲಿ ಭಾರತ ಫಿಫಾ ಶ್ರೇಯಾಂಕದಲ್ಲಿ 94ನೇ ಸ್ಥಾನಕ್ಕೇರಿತ್ತು. ಅದಕ್ಕಿಂತ ಮೇಲೆ ಭಾರತ ಹೋಗಿಲ್ಲ. ಆದರೂ ದಕ್ಷಿಣ ಏಷ್ಯಾದ ಆಚೆ ದೊಡ್ಡ ತಂಡಗಳೆದುರು ಆಡುವ ಅವಕಾಶ ಆ ದಶಕದಲ್ಲಿ ಅಪರೂಪವಾಗಿತ್ತು. ಕಾಲಿನಲ್ಲಿ ಕಸುವು ತುಂಬಿದ್ದ ವರ್ಷಗಳಲ್ಲಿ ಅವರಿಗೆ ತಕ್ಕ ಎದುರಾಳಿಗಳು ಸಿಗಲಿಲ್ಲವೆಂಬುದು ಭಾರತದ ಫುಟ್‌ಬಾಲ್ ಪ್ರಿಯರಿಗೆ ಇಂದಿಗೂ ನೋವಿನ ಸಂಗತಿ. 2003ರಲ್ಲಿ ಹೈದರಾಬಾದಿನ ಆಫ್ರೋ-ಏಷ್ಯನ್ ಕ್ರೀಡಾಕೂಟದಲ್ಲಿ, 34ರ ವಯಸ್ಸಿನಲ್ಲಿ, ನಾಲ್ಕು ಗೋಲುಗಳೊಡನೆ ಅಗ್ರ ಗೋಲುಗಾರರಾದರು. ಫೈನಲ್‌ನಲ್ಲಿ ಉಜ್ಬೇಕಿಸ್ತಾನಕ್ಕೆ ಒಂದು ಗೋಲಿನಿಂದ ಸೋತು ಭಾರತ ಬೆಳ್ಳಿ ಪದಕಕ್ಕೆ ತೃಪ್ತಿಪಟ್ಟಿತು. ಅಲ್ಲಿಗೆ ವಿಜಯನ್ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು.

ಜಯರಾಜ್ ನಿರ್ದೇಶನದ 'ಶಾಂತಂ' (2001) ಮಲಯಾಳಂ ಚಿತ್ರದ ಮುಖ್ಯ ಪಾತ್ರವೊಂದರಲ್ಲಿ ನಟಿಸಿದರು. ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ತಮಿಳಿನ 'ತಿಮಿರು', 'ಬಿಗಿಲ್' ಚಿತ್ರಗಳಲ್ಲೂ ಕಾಣಿಸಿಕೊಂಡಿದ್ದಾರೆ. ಆಟ ನಿಲ್ಲಿಸಿದ ಮೇಲೆ ಪೊಲೀಸ್ ಸೇವೆಗೆ ಮರಳಿದ ಅವರು 2025ರ ಏಪ್ರಿಲ್‌ನಲ್ಲಿ ಮಲಬಾರ್ ಸ್ಪೆಷಲ್ ಪೊಲೀಸ್‌ನ ಡೆಪ್ಯುಟಿ ಕಮಾಂಡೆಂಟ್ ಹುದ್ದೆಯಿಂದ ನಿವೃತ್ತರಾದರು. 2003ರಲ್ಲಿ ಅರ್ಜುನ ಪ್ರಶಸ್ತಿ, 2025ರಲ್ಲಿ ಪದ್ಮಶ್ರೀ ಸಂದಿವೆ. ಬಹುಕಾಲ ತೃಶ್ಶೂರು ನಗರದ ಕಸವನ್ನೆಲ್ಲ ತಂದು ಸುರಿಯುತ್ತಿದ್ದ ಲಾಲೂರಿನಲ್ಲಿ ಅವರ ಹೆಸರಿನ ಕ್ರೀಡಾ ಸಂಕೀರ್ಣ ತಲೆಯೆತ್ತಿದೆ.