ಜಪಾನೀ ಆಮದು ಕಾರುಗಳ ನ್ಯಾವಿಗೇಷನ್ ವ್ಯವಸ್ಥೆಯ ಇಂಗ್ಲಿಷ್ ಪರಿವರ್ತನೆ

ಜಪಾನಿನ ಒಳನಾಡ ಮಾರುಕಟ್ಟೆಗಾಗಿ ತಯಾರಾಗಿ, ಅನಂತರ ಬಳಸಿದ ವಾಹನಗಳಾಗಿ ಅನ್ಯದೇಶಗಳಿಗೆ ರಫ್ತಾಗುವ ಕಾರುಗಳಲ್ಲಿನ ದಾರಿ ತೋರುವ ಸಾಧನವನ್ನು ಇಂಗ್ಲಿಷ್ ಬಲ್ಲವರು ಬಳಸುವಂತೆ ಮಾರ್ಪಡಿಸುವ ಕ್ರಮವನ್ನು ನ್ಯಾವಿಗೇಷನ್ ವ್ಯವಸ್ಥೆಯ ಇಂಗ್ಲಿಷ್ ಪರಿವರ್ತನೆ ಎನ್ನಲಾಗುತ್ತದೆ. ಪರದೆಯ ಭಾಷೆ, ಧ್ವನಿಸೂಚನೆ, ನಕ್ಷೆ ಹಾಗೂ ರೇಡಿಯೊ ಇವು ನಾಲ್ಕು ಪ್ರತ್ಯೇಕ ಸಮಸ್ಯೆಗಳಾಗಿದ್ದು, ಒಂದನ್ನು ಸರಿಪಡಿಸಿದ ಮಾತ್ರಕ್ಕೆ ಉಳಿದವು ಸರಿಹೋಗುವುದಿಲ್ಲ.

ಹಿನ್ನೆಲೆ

ಜಪಾನಿನಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ; ಚಾಲಕನ ಆಸನ ಬಲಗಡೆ ಇರುತ್ತದೆ. ಇದೇ ಪದ್ಧತಿಯಿರುವ ನ್ಯೂಜಿಲೆಂಡ್, ಕೀನ್ಯಾ, ತಾಂಜಾನಿಯಾ, ಶ್ರೀಲಂಕಾ, ಪಾಕಿಸ್ತಾನ ಮುಂತಾದ ದೇಶಗಳಿಗೆ ಅಲ್ಲಿನ ಬಳಸಿದ ಕಾರುಗಳು ಹೆಚ್ಚಾಗಿ ಹೋಗುತ್ತವೆ. ನ್ಯೂಜಿಲೆಂಡ್ 1980ರ ದಶಕದ ಕೊನೆಯಲ್ಲಿ ಆಮದು ನಿರ್ಬಂಧಗಳನ್ನು ಸಡಿಲಿಸಿತು. ಭಾರತದಲ್ಲಿ ಬಳಸಿದ ಕಾರುಗಳ ಆಮದಿಗೆ ಭಾರೀ ಸುಂಕ ಹಾಗೂ ಕಟ್ಟುನಿಟ್ಟಾದ ನಿಯಮಗಳಿರುವುದರಿಂದ ಕರ್ನಾಟಕದಲ್ಲಿ ಇಂತಹ ಕಾರುಗಳು ವಿರಳ. ಆದರೆ ನ್ಯೂಜಿಲೆಂಡ್ ಮತ್ತು ಪೂರ್ವ ಆಫ್ರಿಕಾದಲ್ಲಿ ನೆಲೆಸಿದ ಕನ್ನಡಿಗರಿಗೆ ಇವು ಎದುರಾಗುವುದುಂಟು.

ಕಾರಿನಲ್ಲಿ ನ್ಯಾವಿಗೇಷನ್ ಅಳವಡಿಸುವುದರಲ್ಲಿ ಜಪಾನ್ ಮೊದಲಿಗರ ಸಾಲಿನಲ್ಲಿದೆ. ಹೋಂಡಾ ಸಂಸ್ಥೆ 1981ರಲ್ಲಿ ಫಿಲ್ಮಿನ ನಕ್ಷೆಯನ್ನೂ ಅನಿಲದಿಂದ ನಡೆಯುವ ಗೈರೋವನ್ನೂ ಬಳಸಿದ ಸಾಧನವನ್ನು ಹೊರತಂದಿತು. 1990ರಲ್ಲಿ ಮಾಜ್ದಾದ ಯೂನೋಸ್ ಕಾಸ್ಮೊ ಕಾರಿನಲ್ಲಿ ಉಪಗ್ರಹಾಧಾರಿತ ಜಿಪಿಎಸ್ ವ್ಯವಸ್ಥೆ ಬಂದಿತು. ಹೀಗಾಗಿ ಸಾಕಷ್ಟು ಹಳೆಯ ಜಪಾನೀ ಕಾರಿನಲ್ಲಿಯೂ ಇಂತಹ ಪರದೆ ಕಂಡುಬರುತ್ತದೆ.

ಜಪಾನೀ ವ್ಯವಸ್ಥೆಯ ವೈಶಿಷ್ಟ್ಯಗಳು

ಜಪಾನಿನ ಬಹುತೇಕ ಬೀದಿಗಳಿಗೆ ಹೆಸರಿಲ್ಲ. ವಿಳಾಸವು ಬಡಾವಣೆ, ಅದರ ವಿಭಾಗ ಮತ್ತು ಕಟ್ಟಡದ ಸಂಖ್ಯೆಗಳಿಂದ ಕೂಡಿರುತ್ತದೆ. ಆದಕಾರಣ ಅಲ್ಲಿನ ಸಾಧನಗಳಲ್ಲಿ ದೂರವಾಣಿ ಸಂಖ್ಯೆಯನ್ನಾಗಲಿ, 'ಮ್ಯಾಪ್‌ಕೋಡ್' ಎಂಬ ಅಂಕಿಗಳ ಸಂಕೇತವನ್ನಾಗಲಿ ನಮೂದಿಸಿ ತಲುಪಬೇಕಾದ ಸ್ಥಳವನ್ನು ಹುಡುಕುವ ರೂಢಿ ಇದೆ. ಬೀದಿಯ ಹೆಸರಿನಿಂದ ಹುಡುಕುವವರಿಗೆ ಈ ಕ್ರಮವೇ ಅಪರಿಚಿತ. ಪದಗಳನ್ನು ಅನುವಾದಿಸಿದರೂ ಹುಡುಕುವ ವಿಧಾನ ಬದಲಾಗದು.

ಇದಲ್ಲದೆ ಸಂಚಾರ ದಟ್ಟಣೆಯ ಮಾಹಿತಿ ನೀಡುವ 'ವಿಕ್ಸ್' (1996ರಲ್ಲಿ ಆರಂಭ), ಟೋಲ್ ಸಂಗ್ರಹದ 'ಇಟಿಸಿ', ಮೊಬೈಲ್ ದೂರದರ್ಶನ ಸೇವೆಯಾದ 'ಒನ್‌ಸೆಗ್' ಇವೆಲ್ಲ ಜಪಾನಿನ ಜಾಲವನ್ನೇ ಅವಲಂಬಿಸಿವೆ. ದೇಶದ ಹೊರಗೆ ಕೆಲಸ ಮಾಡುವುದಿಲ್ಲ. ಕಾರನ್ನು ಚಾಲೂ ಮಾಡಿದೊಡನೆ ಹೆಣ್ಣುದನಿಯೊಂದು ಜಪಾನೀ ಭಾಷೆಯಲ್ಲಿ ಏನನ್ನೋ ಹೇಳಿದರೆ, ಅದು ಸಾಮಾನ್ಯವಾಗಿ ಇಟಿಸಿ ಕಾರ್ಡ್ ಹಾಕಿಲ್ಲವೆಂಬ ಸೂಚನೆ. ದೋಷವೆಂದು ಗಾಬರಿಯಾಗಬೇಕಿಲ್ಲ, ಆ ಪೆಟ್ಟಿಗೆಯ ಸಂಪರ್ಕವನ್ನು ತೆಗೆಸಿದರೆ ದನಿ ನಿಲ್ಲುತ್ತದೆ.

ಪರಿವರ್ತನೆಯ ವಿಧಾನಗಳು

* ಭಾಷೆಯ ಆಯ್ಕೆ: ಕೆಲವೇ ಮಾದರಿಗಳ ಸೆಟ್ಟಿಂಗ್ಸ್‌ನಲ್ಲಿ ಇಂಗ್ಲಿಷ್ ಆಯ್ಕೆ ಇರುತ್ತದೆ. ಮೊದಲು ಇದನ್ನು ಪರೀಕ್ಷಿಸುವುದು ಉಚಿತ, ಇದಕ್ಕೆ ಖರ್ಚಿಲ್ಲ.
* ತಂತ್ರಾಂಶದ ಬದಲಾವಣೆ: ಕೆಲವು ಮಾದರಿಗಳಲ್ಲಿ ಪರಿಣತರು ಸಾಧನದ ಮೂಲ ತಂತ್ರಾಂಶವನ್ನು ಬದಲಿಸಿ ಪರದೆಯನ್ನು ಇಂಗ್ಲಿಷಿಗೆ ತರುತ್ತಾರೆ. ಗುಂಡಿಗಳ ಮೇಲಿನ ಬರಹ ಚಿತ್ರರೂಪದಲ್ಲಿದ್ದರೆ ಅದು ಜಪಾನೀಯಲ್ಲಿಯೇ ಉಳಿಯಬಹುದು. ನಕ್ಷೆ ಮಾತ್ರ ಇದರಿಂದ ಬದಲಾಗದು.
* ಸಾಧನದ ಬದಲಾವಣೆ: ಹಳೆಯ ಸಾಧನವನ್ನು ತೆಗೆದು ಹೊಸದನ್ನು ಅಳವಡಿಸುವುದು. 'ಡಬಲ್ ಡಿನ್' ಅಳತೆಯ ಸಾಧನದ ಮುಖ ಸುಮಾರು 180 × 100 ಮಿಲಿಮೀಟರ್. ಅನೇಕ ಟೊಯೋಟಾ ಕಾರುಗಳಲ್ಲಿ ಅದು ಸುಮಾರು 200 ಮಿಲಿಮೀಟರ್ ಅಗಲವಿರುವುದರಿಂದ ಕೊಳ್ಳುವ ಮೊದಲು ಅಳೆಯಬೇಕು.
* ಮೊಬೈಲ್ ಬಳಕೆ: ಮೂಲ ಸಾಧನವನ್ನು ರೇಡಿಯೊ ಮತ್ತು ಹಿಂಬದಿಯ ಕ್ಯಾಮೆರಾಕ್ಕೆ ಮೀಸಲಿಟ್ಟು, ದಾರಿಗಾಗಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ಮೊಬೈಲನ್ನು ಅವಲಂಬಿಸುವುದು. ನಕ್ಷೆಯ ಸಮಸ್ಯೆಗೆ ಇದು ಅತಿ ಸುಲಭವಾದ ಪರಿಹಾರ.

ನಕ್ಷೆ, ಗಡಿಯಾರ ಮತ್ತು ರೇಡಿಯೊ

ಜಿಪಿಎಸ್ ಸಂಕೇತ ಜಗತ್ತಿನೆಲ್ಲೆಡೆ ದೊರೆಯುತ್ತದೆ. ಆದರೆ ಸಾಧನದಲ್ಲಿರುವುದು ಜಪಾನಿನ ನಕ್ಷೆ ಮಾತ್ರ. ಆದ್ದರಿಂದ ಪರದೆಯಲ್ಲಿ ಕಾರು ಬರಿದಾದ ಬಯಲಿನಲ್ಲಿಯೋ ಸಮುದ್ರದ ನಡುವೆಯೋ ನಿಂತಂತೆ ಕಾಣಬಹುದು. ಉಪಗ್ರಹದಿಂದ ಸಮಯ ಪಡೆಯುವ ಕೆಲವು ಸಾಧನಗಳು ಸದಾ ಜಪಾನಿನ ವೇಳೆಯನ್ನೇ ತೋರುತ್ತವೆ. ಕೀನ್ಯಾದಲ್ಲಿ ಅದು ಆರು ಗಂಟೆ ಮುಂದಿರುತ್ತದೆ.

ಜಪಾನಿನ ಎಫ್‌ಎಂ ಪ್ರಸಾರ ಬಹುಕಾಲ 76ರಿಂದ 90 ಮೆಗಾಹರ್ಟ್ಸ್‌ಗೆ ಸೀಮಿತವಾಗಿತ್ತು. ಇತರ ಬಹುತೇಕ ದೇಶಗಳಲ್ಲಿ ಅದು 87.5ರಿಂದ 108. ಆಂಟೆನಾ ತಂತಿಗೆ 'ಬ್ಯಾಂಡ್ ಎಕ್ಸ್‌ಪ್ಯಾಂಡರ್' ಜೋಡಿಸಿದರೆ ಆವರ್ತನ ಕೆಳಗಿಳಿಯುತ್ತದೆ. ಉದಾಹರಣೆಗೆ, 12 ಮೆಗಾಹರ್ಟ್ಸ್ ಇಳಿಸುವ ಸಾಧನದಲ್ಲಿ 98ರ ಕೇಂದ್ರವು 86ರಲ್ಲಿ ಕೇಳಿಸುತ್ತದೆ; 102ರ ಮೇಲಿನ ಕೇಂದ್ರಗಳು ಆಗಲೂ ಸಿಗುವುದಿಲ್ಲ.

ಪರದೆಯ ಕೆಲವು ಪದಗಳು

ಪರಿವರ್ತನೆ ಸಾಧ್ಯವಾಗದಿದ್ದಲ್ಲಿ ಹತ್ತಾರು ಪದಗಳನ್ನು ಗುರುತಿಸಲು ಕಲಿತರೂ ದಿನದ ಬಳಕೆಗೆ ಸಾಕಾಗುತ್ತದೆ:

* ಸೆತ್ತೇ – ಸೆಟ್ಟಿಂಗ್ಸ್
* ಮೊದೊರು – ಹಿಂದಕ್ಕೆ
* ಚಿಜು – ನಕ್ಷೆ
* ಗೆನ್‌ಜಾಯ್‌ಚಿ – ಈಗಿರುವ ಸ್ಥಳ
* ಮೊಕುತೆಕಿಚಿ – ತಲುಪಬೇಕಾದ ಸ್ಥಳ
* ಜಿತಾಕು – ಸ್ವಂತ ಮನೆ
* ಒನ್‌ರ್ಯೋ – ಧ್ವನಿಯ ಪ್ರಮಾಣ

ಪರದೆಯಲ್ಲಿ ಇವು ಹೆಚ್ಚಾಗಿ ಕಾಂಜಿ ಲಿಪಿಯಲ್ಲಿರುತ್ತವೆ. ಮೊಬೈಲಿನ ಕ್ಯಾಮೆರಾ ಮೂಲಕ ಅನುವಾದಿಸುವ ಆ್ಯಪ್‌ಗಳು ಇವನ್ನು ಓದಬಲ್ಲವು. ಈ ಕೆಲಸವನ್ನು ಕಾರು ನಿಂತಿರುವಾಗಲೇ ಮಾಡಬೇಕು.

ಎಚ್ಚರಿಕೆಗಳು

ಹಲವು ಸಾಧನಗಳಲ್ಲಿ ಕಳವು ತಡೆಯುವ ಬೀಗವಿದೆ. ಬ್ಯಾಟರಿ ಕಳಚಿದಾಗ ಅಥವಾ ನಕ್ಷೆಯ ಎಸ್‌ಡಿ ಕಾರ್ಡ್ ಹೊರತೆಗೆದಾಗ ಅವು ಗುಪ್ತಸಂಖ್ಯೆ ಕೇಳಿ ನಿಂತುಬಿಡುತ್ತವೆ; ರೇಡಿಯೊ ಕೂಡ ನುಡಿಯುವುದಿಲ್ಲ. ಆ ಸಂಖ್ಯೆ ಹಿಂದಿನ ಮಾಲೀಕನೊಂದಿಗೆ ಜಪಾನಿನಲ್ಲಿಯೇ ಉಳಿದಿರುತ್ತದೆ. ಆದ್ದರಿಂದ ನಕ್ಷೆ ನಿರುಪಯುಕ್ತವೆಂದು ಭಾವಿಸಿ ಎಸ್‌ಡಿ ಕಾರ್ಡನ್ನು ತೆಗೆದುಹಾಕುವುದಾಗಲಿ, ಅಳಿಸಿ ಬೇರೆ ಕೆಲಸಕ್ಕೆ ಬಳಸುವುದಾಗಲಿ ಸಲ್ಲದು.

ಬೇರೆ ಮಾದರಿಯ ತಂತ್ರಾಂಶ ಹಾಕಿದರೆ ಸಾಧನ ಶಾಶ್ವತವಾಗಿ ಕೆಡಬಹುದು. ಕೆಲವು ಕಾರುಗಳಲ್ಲಿ ಹವಾನಿಯಂತ್ರಣ, ಹೈಬ್ರಿಡ್ ಶಕ್ತಿಯ ವಿವರ, ಸ್ಟೀರಿಂಗ್ ಗುಂಡಿಗಳು ಹಾಗೂ ಹಿಂಬದಿಯ ಕ್ಯಾಮೆರಾ ಇದೇ ಪರದೆಗೆ ಜೋಡಣೆಗೊಂಡಿರುತ್ತವೆ. ಸಾಧನವನ್ನು ಬದಲಿಸುವ ಮುನ್ನ ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದನ್ನು ಅಳವಡಿಸುವವರಿಂದ ತಿಳಿದುಕೊಳ್ಳಬೇಕು.